ಗ್ಲೈಡರ್ ಅಂಕಲ್ ಬರೆಯದೆ ಬಿಟ್ಟಿದ್ದ ಪುಟ

ಕಳೆದ ಶನಿವಾರ ಮಗಳು ಶಾಲೆಯ ಪ್ರಾಜೆಕ್ಟಿಗೆಂದು ನಮ್ಮ ಗ್ಯಾರೇಜಿನಲ್ಲಿ ಪ್ಲೈವುಡ್ ಕೊಯ್ಯುತ್ತಿದ್ದಳು. ಬಿಸಿಯಾದ ಮರದ ಪುಡಿ, ಅಂಟಿನ ಘಾಟು... "ಅಪ್ಪಾ, ಇಟ್ ಸ್ಟಿಂಕ್ಸ್" ಎಂದು ಮೂಗು ಮುಚ್ಚಿಕೊಂಡಳು. ನಾನು ಅಲ್ಲೇ ನಿಂತುಬಿಟ್ಟೆ. ಈಗಿರುವ ಬ್ರಿಸ್ಬೇನಿನ ಫಾರೆಸ್ಟ್ ಲೇಕ್‌ನಿಂದ ಆಸ್ಟ್ರೇಲಿಯಾದ ಇನ್ನೊಂದು ತುದಿಯ ಪರ್ತ್‌ನ ಸದರ್ನ್ ರಿವರ್‌ಗೆ, ಇಪ್ಪತ್ತು ವರ್ಷಕ್ಕೂ ಹಿಂದೆ ನಾನು ಬಾಡಿಗೆಗಿದ್ದ ಮನೆಯ ಶೆಡ್ಡಿಗೆ ಮನಸ್ಸು ಹೋಗಿತ್ತು.

ಮೈಸೂರಿನಿಂದ ನರ್ಸಿಂಗ್ ಓದಲು ಹೋಗಿದ್ದ ನನಗೆ ಆ ಮನೆಯ ಮಾಲೀಕರು ಹಿತ್ತಲ ಕೋಣೆ ಕೊಟ್ಟಿದ್ದರು. ಎಂಬತ್ತು ದಾಟಿದ ಇಂಗ್ಲೆಂಡಿನವರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಹಡಗು ಹತ್ತಿ ಬಂದವರು. ಹೆಂಡತಿ ತೀರಿಕೊಂಡಿದ್ದರು. ಅಷ್ಟು ಹಿರಿಯರನ್ನು ಹೆಸರು ಹಿಡಿದು ಕರೆಯಲು ನನಗೆ ನಾಲಿಗೆ ಏಳಲಿಲ್ಲ. "ಅಂಕಲ್ ಅಂತೀಯಲ್ಲ, ನಾನೇನು ನಿಮ್ಮಪ್ಪನ ತಮ್ಮನಾ?" ಎಂದು ಮೊದಮೊದಲು ನಕ್ಕರು, ಆಮೇಲೆ ಒಗ್ಗಿಕೊಂಡರು. ಅವರ ಮಾತೆಲ್ಲ ಇಂಗ್ಲಿಷೇ. ನನ್ನ ನೆನಪಿನಲ್ಲಿ ಮಾತ್ರ ಯಾಕೋ ಕನ್ನಡದಲ್ಲಿ ಉಳಿದಿದೆ.

ಯುದ್ಧದಲ್ಲಿ ಅವರು ಗ್ಲೈಡರ್ ಸ್ಕ್ವಾಡ್ರನ್ನಿನ ಪೈಲಟ್. ಪ್ಲೈವುಡ್ಡಿನ, ಎಂಜಿನ್ ಇಲ್ಲದ ವಿಮಾನ. ಇನ್ನೊಂದು ವಿಮಾನ ಅದನ್ನು ಹಗ್ಗ ಕಟ್ಟಿ ಎಳೆದೊಯ್ದು ಶತ್ರುವಿನ ನೆಲದ ಮೇಲೆ ಬಿಟ್ಟುಬಿಡುತ್ತಿತ್ತು. ಹಿಂದೆ ಸೈನಿಕರು, ಒಂದು ಜೀಪು. ಇಳಿಯುವುದಷ್ಟೇ, ಮತ್ತೆ ಏರುವ ಮಾತಿಲ್ಲ. ಬದುಕುಳಿದ ಗೆಳೆಯರು ಕಳಿಸಿದ ಕಾಗದಗಳನ್ನೆಲ್ಲ ಸೇರಿಸಿ ಅವರು ಸ್ಕ್ವಾಡ್ರನ್ನಿನ ಚರಿತ್ರೆ ಬರೆಯುತ್ತಿದ್ದರು. ಅವರಿಗೆ ಕಂಪ್ಯೂಟರ್ ಬಾರದ್ದರಿಂದ ಟೈಪ್ ಮಾಡುವ ಕೆಲಸ ನನ್ನದು. ಅವರು ಪ್ಲೈವುಡ್ಡಿನಲ್ಲಿ ಗ್ಲೈಡರ್ ಮಾದರಿಯೊಂದನ್ನು ಮಾಡುತ್ತಿದ್ದ ಆ ಶೆಡ್ಡಿನಲ್ಲೇ ಕೂರುತ್ತಿದ್ದೆವು.

ತರಬೇತಿ, ಕ್ಯಾಂಟೀನ್ ಜಗಳ, ಸತ್ತವರ ಪಟ್ಟಿ ಎಲ್ಲ ಮುಗಿಯಿತು. ಜರ್ಮನಿಯಲ್ಲಿ ನದಿಯಾಚೆ ಇಳಿದ ಬೆಳಗ್ಗೆಯ ಅಧ್ಯಾಯದಲ್ಲಿ ಎಷ್ಟೋ ಗ್ಲೈಡರುಗಳ ಕಥೆಯಿತ್ತು, ಅವರದೇ ಇರಲಿಲ್ಲ. "ನಿಮ್ದು ಅಂಕಲ್?" ಎಂದೆ. ಎದ್ದು ಹೊರಗೆ ಹೋದರು. ವಾರ ಕಳೆದು ಒಂದು ಮಧ್ಯಾಹ್ನ ಬಂದು ಕೂತು, "ಟೈಪ್ ಮಾಡು. ನಡುವೆ ಏನೂ ಕೇಳ್ಬೇಡ" ಎಂದರು.

ಕೆಳಗೆಲ್ಲ ಹೊಗೆ... ಹಗ್ಗ ಬಿಟ್ಟೊಡನೆ ಗುಂಡುಗಳು ಪ್ಲೈವುಡ್ ಸೀಳಿಕೊಂಡು ಬರತೊಡಗಿದವಂತೆ. ಪಕ್ಕದಲ್ಲಿದ್ದ ಗ್ಲೈಡರ್ ಗಾಳಿಯಲ್ಲೇ ಎರಡಾಗಿ ಒಳಗಿನ ಜನ ಚೀಲ ಹರಿದು ಕಾಳು ಚೆಲ್ಲಿದ ಹಾಗೆ ಉದುರಿದರು. ಅಷ್ಟರಲ್ಲಿ ಇವರ ಪಕ್ಕದ ಸೀಟಿನ ಸಹಪೈಲಟ್‌ನ ಹೊಟ್ಟೆಗೆ ಗುಂಡು ಹೊಕ್ಕಿತು. ಹತ್ತೊಂಬತ್ತು ವರ್ಷದವನು. ನೋವಿಗೆ ಕಣ್ಣು ಮುಚ್ಚಿ ಮುಂದೆ ಬಾಗಿ, ತನ್ನೆದುರಿನ, ವಿಮಾನ ನಡೆಸುವ ಕಂಟ್ರೋಲ್ ಸ್ಟಿಕ್ಕನ್ನು ಎರಡೂ ಕೈಯಿಂದ ಹಿಡಿದುಬಿಟ್ಟ. ಇಬ್ಬರ ಸ್ಟಿಕ್ಕೂ ಒಂದಕ್ಕೊಂದು ಜೋಡಿಸಿದ್ದು. ಗ್ಲೈಡರ್ ಮೂತಿ ಕೆಳಗಾಗಿ ಬೀಳತೊಡಗಿತು. "ಬಿಡೋ, ಬಿಡು" ಎಂದು ಕಿರುಚಿದರು. ಬಿಡಲಿಲ್ಲ. ಬೆಳಕಿನ ಸಂಕೇತ ಹಾರಿಸಲೆಂದು ಪಕ್ಕದಲ್ಲಿ ಸಿಕ್ಕಿಸಿದ್ದ ಸಿಗ್ನಲ್ ಪಿಸ್ತೂಲು ಕಿತ್ತುಕೊಂಡು ಅದರ ಹಿಡಿಯಿಂದ ಅವನ ಬೆರಳುಗಳ ಮೇಲೆ ಹೊಡೆದರು... ಮತ್ತೆ ಮತ್ತೆ, ಮೂಳೆ ಮುರಿದು ಕೈ ಸಡಿಲವಾಗುವವರೆಗೆ.

ಮೂತಿ ಎತ್ತುವಷ್ಟರಲ್ಲಿ ನೆಲ ಬಂದಿತ್ತು. ಮರಕ್ಕೆ ಬಡಿದು ರೆಕ್ಕೆ ಕಿತ್ತುಹೋಯಿತು. ಜೀಪು ಸರಪಳಿ ಹರಿದುಕೊಂಡು ನುಗ್ಗಿ ಒಬ್ಬ ಸೈನಿಕನನ್ನು ಜಜ್ಜಿತು. ಉಳಿದ ಆರು ಜನ ತೆವಳಿ ಹೊರಗೆ ಬಂದರು. ಸಹಪೈಲಟ್‌ನನ್ನು ಇವರು ಬೇಲಿಯ ಮರೆಗೆ ಎಳೆದು ತಂದರು. ಅವನು ಕೈ ಎತ್ತಿ ನೋಡಿಕೊಂಡ. "ನನ್ನ ಕೈಗೇನಾಯ್ತು?" ಎಂದು ಕೇಳಿದ. "ಗುಂಡು ತಗಲ್ತು" ಎಂದರು. ಅರ್ಧ ಗಂಟೆ ಒದ್ದಾಡಿ ಸತ್ತ.

ಅವನ ತಾಯಿಗೆ ಇವರು ಬರೆದ ಕಾಗದದಲ್ಲಿ, ತಕ್ಷಣ ಪ್ರಾಣ ಹೋಯಿತು, ನೋವೇ ಗೊತ್ತಾಗಲಿಲ್ಲ ಎಂದಿತ್ತು. ಆಗ ಚಿಕ್ಕವಳಿದ್ದ ಅವನ ತಂಗಿ, ನಾನು ಟೈಪ್ ಮಾಡುವ ಹೊತ್ತಿಗೆ ಆಸ್ಟ್ರೇಲಿಯಾಕ್ಕೇ ವಲಸೆ ಬಂದು ಅಡಿಲೇಡ್‌ನಲ್ಲಿ ಅಜ್ಜಿಯಾಗಿದ್ದರು. ಪ್ರತಿ ಕ್ರಿಸ್ಮಸ್‌ಗೂ ಇವರಿಗೆ ಕಾರ್ಡ್ ಹಾಕುತ್ತಿದ್ದರು. "ಅವಳು ಓದದೆ ಇದು ಅಚ್ಚಾಗಬಾರ್ದು" ಎಂದು ಆ ಪುಟಗಳನ್ನು ನನ್ನ ಕೈಯಿಂದಲೇ ಪೋಸ್ಟ್ ಮಾಡಿಸಿದರು.

ಹತ್ತು ದಿನದ ಮೇಲೆ ಅಡಿಲೇಡ್‌ನಿಂದ ಫೋನ್ ಬಂತು. ಅಂಕಲ್‌ಗೆ ಕಿವಿ ಮಂದ, ಹಾಗಾಗಿ ಸ್ಪೀಕರ್ ಹಾಕಿದ್ದರು. ನಾನು ಅಡುಗೆಮನೆಯಲ್ಲಿ ಟೀ ಮಾಡುತ್ತಿದ್ದೆ.

"ಹೊಡೆದದ್ದು ನೀನೇ ಅಂತ ಅವನಿಗೆ ಗೊತ್ತಾಯ್ತಾ?" ಎಂದರು ಆಕೆ.

"ಇಲ್ಲ. ನಾನು ಹೇಳ್ಲಿಲ್ಲ."

"ಪುಸ್ತಕದಲ್ಲಿರಲಿ. ನಿಜಾನೇ ಇರಲಿ. ಆದ್ರೆ ನನಗೆ ಇನ್ನು ಫೋನ್ ಮಾಡ್ಬೇಡ, ಕಾಗದಾನೂ ಬರೀಬೇಡ" ಎಂದು ಆಕೆ ಇಟ್ಟುಬಿಟ್ಟರು.

ಅಂಕಲ್ ಫೋನನ್ನೇ ನೋಡುತ್ತಾ ಕೂತರು. "ನಾನು ಹೇಳಿದ್ದು ತಪ್ಪಾಯ್ತಾ?" ಎಂದು ನನ್ನನ್ನು ಕೇಳಿದರು. ನನಗಾಗ ಇಪ್ಪತ್ತೆರಡು. "ಟೀ ಆರಿಹೋಗುತ್ತೆ ಅಂಕಲ್" ಎಂದೆ.

ಪುಸ್ತಕ ಅಚ್ಚಾಯಿತು. ಆ ಕ್ರಿಸ್ಮಸ್‌ಗೆ ಅಡಿಲೇಡ್‌ನಿಂದ ಕಾರ್ಡ್ ಬರಲಿಲ್ಲ. ಜನವರಿ ಮುಗಿಯುವವರೆಗೂ ಅವರು ದಿನಾ ಗೇಟಿನ ತನಕ ಹೋಗಿ ಲೆಟರ್‌ಬಾಕ್ಸ್ ತೆರೆದು ನೋಡುತ್ತಿದ್ದರು. ಓದು ಮುಗಿದು ನಾನು ಬ್ರಿಸ್ಬೇನಿನ ಕಡೆ ಬಂದೆ. ಎರಡು ವರ್ಷದ ನಂತರ ಅವರ ಮಗ ಫೋನ್ ಮಾಡಿದಾಗ ಅವರನ್ನು ಮಣ್ಣು ಮಾಡಿ ತಿಂಗಳಾಗಿತ್ತು.

ಈಗ ಬ್ರಿಸ್ಬೇನಿನ ಪಕ್ಕದ ಇಪ್ಸ್‌ವಿಚ್ ಆಸ್ಪತ್ರೆಯಲ್ಲಿ ನರ್ಸ್ ಆಗಿ ಎಷ್ಟೋ ಸಾವು ನೋಡಿದ್ದೇನೆ, ಎಷ್ಟೋ ಮನೆಯವರ ಹತ್ತಿರ ಮಾತಾಡಿದ್ದೇನೆ. ತಪ್ಪಾಯ್ತಾ ಎಂಬ ಆವತ್ತಿನ ಪ್ರಶ್ನೆ ಮಾತ್ರ ಇನ್ನೂ ಕಿವಿಯಲ್ಲಿದೆ.

ಶನಿವಾರ ಇದನ್ನೆಲ್ಲ ಮಗಳಿಗೆ ಹೇಳಿದೆ. ಗರಗಸ ಆಫ್ ಮಾಡಿ ಕೇಳಿಸಿಕೊಂಡಳು. "ಬಟ್ ಅಪ್ಪಾ, ಸಿಕ್ಸ್ ಪೀಪಲ್ ಲಿವ್ಡ್" ಎಂದಳು, ಒಂದು ಕ್ಷಣವೂ ಯೋಚಿಸದೆ.

ಇಷ್ಟು ಸುಲಭದ ಮಾತು ಅಂದು ನನ್ನ ಬಾಯಿಗೆ ಬರಲಿಲ್ಲ. ಅವರಿಗೆ ಅದು ಸಾಕಾಗುತ್ತಿರಲಿಲ್ಲವೇನೋ. ಆದರೂ ಯಾರಾದರೂ ಹೇಳಬೇಕಿತ್ತು. ಆ ಅಡುಗೆಮನೆಯಲ್ಲಿ ಇದ್ದವನು ನಾನೊಬ್ಬನೇ.