ಕರೀಮಡುವಿನ ಸದ್ದು

ನಮ್ಮತ್ತೆಯ ತಲೆ ಯಾವಾಗಲೂ ಎಡಕ್ಕೆ ಕೊಂಚ ವಾಲಿರುತ್ತಿತ್ತು, ಬಲಗಿವಿಯನ್ನು ಹೊಳೆಯ ಕಡೆಗೆ ಎತ್ತಿ ಹಿಡಿದ ಹಾಗೆ. ಮುದ್ದೆ ತಿರುವುವಾಗಲೂ ಹಾಗೇ, ಮೀನು ಉಜ್ಜುವಾಗಲೂ ಹಾಗೇ, ನೆಂಟರೆದುರು ಕುಳಿತಾಗಲೂ ಹಾಗೇ. ಹೆಣ್ಣು ನೋಡಲು ನಮ್ಮ ಹೊನ್ನೂರಿಗೆ ಬಂದಿದ್ದಾಗ ನಮ್ಮವ್ವ ಒಳಗೆ ಬಂದು, ಆಯಮ್ಮನಿಗೆ ಕತ್ತು ಉಳುಕಿರಬೇಕು, ಎಣ್ಣೆ ತಿಕ್ಕಿ ಕಳಿಸೋಣವೇ ಎಂದು ಪಿಸುಗುಟ್ಟಿದ್ದಳು. ಅದು ಉಳುಕಲ್ಲ ಎಂದು ನನಗೆ ತಿಳಿಯಲು ಬಹಳ ಕಾಲ ಬೇಕಾಯಿತು.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನ್ನ ತವರಿನಲ್ಲಿ ಗದ್ದೆ, ಕಬ್ಬು, ತೆಂಗು. ನಮ್ಮ ಕುಲ ಹೊಳೆಯದೇ ಆದರೂ ಅಪ್ಪನ ಕಾಲಕ್ಕೆ ನಮ್ಮ ಮನೆಯವರು ಮೊಣಕಾಲುದ್ದಕ್ಕಿಂತ ಹೆಚ್ಚಿನ ನೀರು ಕಂಡಿರಲಿಲ್ಲ. ಗಂಡನ ಮನೆಯೋ, ಕೊಳ್ಳೇಗಾಲ ದಾಟಿ ಸತ್ತೇಗಾಲದ ಕಡೆ, ಕಾವೇರಿಯ ದಡಕ್ಕೆ ಅಂಟಿಕೊಂಡ ಬೆಸ್ತರ ಕೇರಿ. ಗಂಡ ಕೊಳ್ಳೇಗಾಲದಲ್ಲಿ ರೇಷ್ಮೆ ನೂಲು ತೆಗೆಯುವ ಕಡೆ ಕೆಲಸಕ್ಕಿದ್ದರು. ಮನೆಯಲ್ಲಿ ಹೊಳೆಗಿಳಿಯುತ್ತಿದ್ದವರು ಅತ್ತೆ ಒಬ್ಬರೇ. ಕೇರಿಯ ಹೆಂಗಸರು ಬಲೆ ಹೆಣೆಯುತ್ತಿದ್ದರು, ಮೀನು ಹೊತ್ತು ಸಂತೆಗೆ ಹೋಗುತ್ತಿದ್ದರು. ತೆಪ್ಪ ಹಾಕುವ ಹೆಂಗಸು ಮಾತ್ರ ನಮ್ಮತ್ತೆಯನ್ನು ಬಿಟ್ಟರೆ ಇನ್ನೊಬ್ಬಳಿರಲಿಲ್ಲ.

ಮಾವ ಹೋದ ಮೇಲೆ ಅವರು ಹೊಳೆಗಿಳಿದಿದ್ದು. ಹೋದರು ಎನ್ನುವುದೂ ತಪ್ಪು, ಅತ್ತೆಯ ಮುಂದೆ ಯಾರೂ ಹಾಗೆನ್ನುವಂತಿರಲಿಲ್ಲ. ನಾನು ಆ ಮನೆಗೆ ಬರುವುದಕ್ಕೆ ಎಷ್ಟೋ ವರ್ಷ ಮೊದಲು, ಪ್ರವಾಹ ಇಳಿಯುತ್ತಿದ್ದ ಕಾಲದಲ್ಲಿ, ಬಿಟ್ಟ ಗಾಳ ನೋಡಿಕೊಂಡು ಬರುತ್ತೇನೆಂದು ಸಂಜೆ ತೆಪ್ಪ ಹಾಕಿಕೊಂಡು ಹೋದ ಮಾವ ತಿರುಗಿ ಬಂದಿರಲಿಲ್ಲ. ತೆಪ್ಪ ಬೋರಲಾಗಿ ಕೆಳಗಿನ ಮರಳಿನಲ್ಲಿ ಸಿಕ್ಕಿತು. ಮಾವನೂ ಸಿಗಲಿಲ್ಲ, ತೆಪ್ಪ ನಡೆಸಲು ಅವರ ಕೈಯಲ್ಲಿದ್ದ ಹುಟ್ಟೂ ಸಿಗಲಿಲ್ಲ. ಹೆಣ ಸಿಗದಿದ್ದರೆ ಹನ್ನೆರಡು ವರ್ಷ ಕಾಯಬೇಕು, ಆಮೇಲೆ ಹುಲ್ಲಿನ ಬೊಂಬೆ ಮಾಡಿ ಮಣ್ಣು ಕೊಟ್ಟು, ಹೆಂಡತಿಯ ಕುಂಕುಮ ಅಳಿಸಿ ಬಳೆ ಒಡೆಯಬೇಕು ಎಂಬುದು ಕೇರಿಯ ಕಟ್ಟಳೆ. ಅಲ್ಲಿಯವರೆಗೆ ಅವಳು ಮುತ್ತೈದೆಯೇ. ಅತ್ತೆ ದಿನಾ ಬೆಳಿಗ್ಗೆ ಹಣೆಗೆ ಜೇನುಮೇಣ ಒತ್ತಿ ಅದರ ಮೇಲೆ ಅಗಲಕ್ಕೆ ಕುಂಕುಮ ಇಡುತ್ತಿದ್ದರು. ಹೊಳೆಯ ನೀರು ಎರಚಿದರೂ ಅದು ಅಲ್ಲಾಡುತ್ತಿರಲಿಲ್ಲ. ನಾನು ಸೊಸೆಯಾಗಿ ಬರುವ ಹೊತ್ತಿಗೆ ಆ ಹನ್ನೆರಡು ವರ್ಷ ತುಂಬುವುದಕ್ಕೆ ಹೆಚ್ಚು ದಿನ ಉಳಿದಿರಲಿಲ್ಲ. ಕೇರಿಯವರು ಎಣಿಸುತ್ತಿದ್ದರು, ಅತ್ತೆಯೂ ಎಣಿಸುತ್ತಿದ್ದರು.

ಬಂದ ವರ್ಷವೇ ಒಂದು ಬೆಳಿಗ್ಗೆ ಬಾ ಹೊಳೆಗೆ ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಹೆತ್ತ ಮಗನನ್ನು ಹೊಳೆಯ ಹತ್ತಿರ ಸುಳಿಯಗೊಡದೆ ನೂಲಿನ ಕೆಲಸಕ್ಕೆ ಹಚ್ಚಿದಾಕೆ, ಊರವರ ಮಗಳನ್ನು ನೀರಿಗಿಳಿಸುತ್ತಾಳಲ್ಲ! ನಾನು ಬಾಯಿ ಬಿಗಿಹಿಡಿಯುವ ಪೈಕಿಯಲ್ಲ. ನಿಮ್ಮ ಮಗನ ಜೀವ ಜೀವ, ನನ್ನದು ಎರೆಹುಳವೇ ಎಂದು ಕೇಳಿಯೇಬಿಟ್ಟೆ. ಅತ್ತೆಗೆ ಕೋಪ ಬರಲಿಲ್ಲ.

"ಅವನ್ಗೆ ಬರೀ ಬಯ ಅದೆ ಕಣವ್ವ, ಕಿವಿ ಇಲ್ಲ. ನಿಂಗೆ ಕಿವಿ ಅದೆ," ಎಂದರು.

ಅದೇನು ಹೊಗಳಿಕೆಯೋ ಬೈಗುಳವೋ ತಿಳಿಯದೆ ಹಿಂದೆ ಹೋದೆ.

ತೆಪ್ಪವೆಂದರೆ ಬಿದಿರಿನ ದುಂಡು ಬುಟ್ಟಿ, ತಳಕ್ಕೆ ಎಮ್ಮೆಯ ಚರ್ಮ. ಕಾಲಿಟ್ಟರೆ ಬದುಕಿದ್ದಂತೆ ಮಿಸುಕುತ್ತದೆ. ನಟ್ಟನಡುವೆ ಹೆಜ್ಜೆ ಇಡು, ಕುಕ್ಕರುಗಾಲಲ್ಲಿ ಕೂರು, ಏನಾದರೂ ಆಗಲಿ ನಿಲ್ಲಬೇಡ ಎಂದು ಹೇಳಿ ಹುಟ್ಟನ್ನು ನನ್ನ ಕೈಗೇ ಕೊಟ್ಟರು. ನಾನು ನೀರನ್ನು ಹಿಂದಕ್ಕೆ ತಳ್ಳಲು ಹೋದೆ. ತೆಪ್ಪ ಬೀಸುವ ಕಲ್ಲಿನ ಹಾಗೆ ನಿಂತಲ್ಲೇ ಸುತ್ತಿತು. ದಡ, ಬೆಟ್ಟ, ಅತ್ತೆಯ ಮುಖ, ಮತ್ತೆ ದಡ. ಹೊಟ್ಟೆಯಲ್ಲಿದ್ದ ತಂಗಳು ಬಾಯಿಗೆ ಬಂತು. ಅತ್ತೆ ತಡೆಯಲಿಲ್ಲ. ಸಾಕಷ್ಟು ಸುತ್ತಿಸಿದ ಮೇಲೆ ನನ್ನ ಕೈ ಮೇಲೆ ಕೈಯಿಟ್ಟು, ಮುಂದಿನ ನೀರನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ನಮ್ಮತ್ತ ಸೆಳೆಯುವುದನ್ನು ತೋರಿಸಿದರು. ನೀರನ್ನು ಓಡಿಸಬಾರದು, ಕರೆಯಬೇಕು ಎಂಬುದು ಅವರ ಮಾತು.

ಗಾಳಕ್ಕೆ ಕಟ್ಟುವುದು ಗಟ್ಟಿಯಾಗಿ ನಾದಿದ ರಾಗಿಹಿಟ್ಟಿನ ಉಂಡೆ. ಬಿಳಿಮೀನಿಗೆ ಅದೇ ಇಷ್ಟ. ದಾರವನ್ನು ತೋರುಬೆರಳ ಮೇಲೆ ಹಾಯಿಸಿಕೊಂಡು ಸುಮ್ಮನೆ ಕೂರಬೇಕು. ಮೊದಲ ಸಲ ನನ್ನ ದಾರ ಜಗ್ಗಿದಾಗ ನಾನು ಮಾಡಿದ್ದು ಮಾಡಬಾರದ್ದನ್ನೇ: ಎದ್ದು ನಿಂತೆ. ಮರುಗಳಿಗೆ ಕಿವಿ, ಮೂಗು, ಬಾಯಿ ಎಲ್ಲ ಕಾವೇರಿ. ಜಡೆ ಹಿಡಿದು ಎಳೆದುಕೊಂಡ ಅತ್ತೆ, ಮೀನು ಹಿಡಿಯಲು ಕರೆತಂದರೆ ನಿನ್ನನ್ನೇ ಹಿಡಿಯುವ ಹಾಗಾಯಿತಲ್ಲ, ಇದನ್ನು ಸಂತೆಯಲ್ಲಿ ಯಾರು ಕೊಳ್ಳುತ್ತಾರೆ ಎಂದು ನಕ್ಕರು. ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಎಂದು ನಾನೂ ನಡುಗುತ್ತಲೇ ನಕ್ಕೆ. ಅವತ್ತಿನಿಂದ ನನ್ನ ಸಿಟ್ಟು ಸ್ವಲ್ಪ ಇಳಿಯಿತು.

ಆದರೆ ಅವರು ಹೆಚ್ಚು ಕಲಿಸಿದ್ದು ಮೀನು ಹಿಡಿಯುವುದನ್ನಲ್ಲ, ಕೇಳುವುದನ್ನು. ಮಂಜು ಕವಿದ ಮುಂಜಾನೆ ತೆಪ್ಪ ನಿಲ್ಲಿಸಿ, ಕಣ್ಣು ಮುಚ್ಚಿಸಿ, ಒಂದೊಂದೇ ಸದ್ದು ಯಾವುದರದೆಂದು ನನ್ನನ್ನು ಕೇಳುತ್ತಿದ್ದರು. ಅದೇನು? ಗೆಂಡೆ ಮೀನು ನೆಗೆದದ್ದು. ಅದು? ನೀರುನಾಯಿ ದಡದಿಂದ ಜಾರಿದ್ದು. ಇದು? ಬಂಡೆಯ ಕೆಳಗೆ ನೀರು ಗುಟುಕರಿಸುತ್ತಿರುವುದು. ಮೊಸಳೆ ಇಳಿದರೆ ಸದ್ದೇ ಇರುವುದಿಲ್ಲ, ಕಪ್ಪೆಗಳು ನಿಲ್ಲಿಸುತ್ತವೆ, ಅಷ್ಟೆ. ತಪ್ಪು ಹೇಳಿದರೆ ಹುಟ್ಟಿನಿಂದ ಮೊಣಕಾಲಿಗೆ ಒಂದು ಏಟು. ಹೊಳೆಯ ಮುಂದೆ ಬಾಯಿ ಬಿಡಬೇಡ, ಕಿವಿ ಬಿಡು ಎನ್ನುತ್ತಿದ್ದರು.

ನೀರಿನ ಮೇಲೆ ಯಾರನ್ನೂ ಹೆಸರು ಹಿಡಿದು ಕೂಗುವಂತಿಲ್ಲ ಎಂದೂ ಕಲಿಸಿದರು. ಕೂಗಿದರೆ ಹೊಳೆಗೆ ಹೆಸರು ತಿಳಿಯುತ್ತದೆ, ತಿಳಿದರೆ ಅದೂ ಕೂಗುತ್ತದೆ. ಅದಕ್ಕೇ ಕೇರಿಯ ಗಂಡಸರು ತೆಪ್ಪದ ಅಂಚಿಗೆ ಹುಟ್ಟು ಬಡಿದು ಒಬ್ಬರನ್ನೊಬ್ಬರು ಕರೆಯುತ್ತಿದ್ದರು. ಒಬ್ಬೊಬ್ಬರದೂ ಒಂದೊಂದು ಬಡಿತ. ಮಾವನದು ಮೊದಲು ಒಂದು, ಸ್ವಲ್ಪ ತಡೆದು ಎರಡು.

ಮರುವರ್ಷ ಪ್ರವಾಹ ಇಳಿಯತೊಡಗಿದಾಗ ಅತ್ತೆ ನನ್ನನ್ನು ಕರೀಮಡುವಿಗೆ ಕರೆದೊಯ್ದರು. ಹೊಳೆ ಬಂಡೆಗಳ ನಡುವೆ ಆಳವಾಗಿ ನಿಂತು ಕಪ್ಪಾಗುವ ಜಾಗ ಅದು. ಕೇರಿಯವರು ಅಲ್ಲಿ ಗಾಳ ಬಿಡುತ್ತಿರಲಿಲ್ಲ. ಬಿಸಿಲು ಇನ್ನೂ ಬಿದ್ದಿರಲಿಲ್ಲ. ಮಡುವಿನ ನಡುವೆ ತೆಪ್ಪ ನಿಲ್ಲಿಸಿ ಅತ್ತೆ ಹುಟ್ಟನ್ನು ಮಡಿಲಲ್ಲಿಟ್ಟುಕೊಂಡರು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಆಚೆ ಬಂಡೆಗಳ ಕಡೆಯಿಂದ ಬಂತು: ಟಕ್. ತಡೆದು, ಟಕ್ ಟಕ್.

ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು.

"ಕೇಳುಸ್ತಾ?"

ತಲೆಯಾಡಿಸಿದೆ. ಅವರ ಕಣ್ಣಲ್ಲಿ ನೀರು ದಳದಳ ಇಳಿಯಿತು. ಅಷ್ಟು ವರ್ಷ ಆ ಸದ್ದನ್ನು ಒಬ್ಬರೇ ಕೇಳಿದ್ದರು. ಹುಚ್ಚು ತಮಗೇ ಇರಬಹುದೆಂದು ಹೆದರಿದ್ದರು. ಮಗನನ್ನು ಒಮ್ಮೆ ಕರೆತಂದರೆ ಅವರು ಕಿವಿ ಮುಚ್ಚಿಕೊಂಡು ಅತ್ತಿದ್ದರಂತೆ. ನನಗೆ ಹುಟ್ಟು ಹಿಡಿಸಿದ್ದು, ಮೊಣಕಾಲಿಗೆ ಹೊಡೆದು ಸದ್ದು ಕಲಿಸಿದ್ದು ಯಾಕೆಂದು ಆಗ ತಿಳಿಯಿತು. ಕೇರಿಯ ಮುಂದೆ ನಿಂತು ನಾನೂ ಕೇಳಿದೆ ಎನ್ನುವ ಒಬ್ಬ ಸಾಕ್ಷಿ ಅವರಿಗೆ ಬೇಕಿತ್ತು. ಮಾವ ಕರೆಯುತ್ತಿದ್ದಾರೆಂದರೆ ಇದ್ದಾರೆ, ಇದ್ದಾರೆಂದರೆ ಕುಂಕುಮ ಅಳಿಸುವಂತಿಲ್ಲ.

ನನ್ನ ಕಲಿತ ಕಿವಿಯೇ ನನಗೆ ಮುಳುವಾಯಿತು. ಅದು ಬಿದಿರಿನ ಮೇಲೆ ಮರ ಬಡಿದ ಸದ್ದಲ್ಲ, ಕಲ್ಲಿನ ಮೇಲೆ ಬಡಿದದ್ದು. ಸುಮ್ಮನಿರಲಾರದೆ ಹಾಗೆಂದೆ. ಅತ್ತೆ ಹುಟ್ಟನ್ನು ನನ್ನ ಕೈಗೆ ಕೊಟ್ಟರು. ಸದ್ದಿನ ಜಾಡು ಹಿಡಿದು ಬಂಡೆಗಳ ನಡುವೆ ತೆಪ್ಪ ತೂರಿಸಿದೆ. ಎರಡು ಬಂಡೆಗಳ ಸಂದಿಯಲ್ಲಿ ಒಂದು ಹಳೆಯ ಹುಟ್ಟು ಸಿಕ್ಕಿಹಾಕಿಕೊಂಡಿತ್ತು. ಅಗಲದ ತುದಿ ಸಂದಿಯೊಳಗೆ ಬಿಗಿದಿತ್ತು, ಹಿಡಿ ಮಾತ್ರ ಹೊರಗೆ. ಅಲೆ ಬಂದರೆ ಹಿಡಿ ಬಂಡೆಗೆ ಒಮ್ಮೆ ತಾಗುತ್ತಿತ್ತು, ಅಲೆ ತಿರುಗುವಾಗ ಎರಡು ಸಲ. ನೀರು ಏರಿದರೆ ಅದು ಮುಳುಗುತ್ತಿತ್ತು, ಪೂರ್ತಿ ಇಳಿದರೆ ಅಲೆ ಮುಟ್ಟುತ್ತಿರಲಿಲ್ಲ. ಬಿರುಕು ಬಿಟ್ಟ ಹಿಡಿಗೆ ತಾಮ್ರದ ತಂತಿ ಸುತ್ತಿತ್ತು. ಆ ತಂತಿ ಸುತ್ತಿದ್ದು ಮಾವ ಎಂದು ಅತ್ತೆ ಹೇಳಬೇಕಾಗಿರಲಿಲ್ಲ.

ಅತ್ತೆ ಕೈಚಾಚಿ ಹಿಡಿಯ ಮೇಲೆ ಅಂಗೈಯಿಟ್ಟರು. ಸದ್ದು ನಿಂತಿತು. ಕೈ ತೆಗೆದರು. ಟಕ್. ಮತ್ತೆ ಇಟ್ಟರು, ಮತ್ತೆ ತೆಗೆದರು. ಎಷ್ಟು ಸಲ ಹಾಗೆ ಮಾಡಿದರೋ. ನಾನು ಕಿತ್ತುಕೊಳ್ಳಲೇ ಎಂದು ಕೇಳಿದ್ದಕ್ಕೆ ಬೇಡವೆಂದು ತಲೆಯಾಡಿಸಿದರು. ದಡಕ್ಕೆ ಬಂದು ತೆಪ್ಪವನ್ನು ಬೋರಲು ಹಾಕಿದರು. ಆಮೇಲೆ ನನ್ನ ಗಲ್ಲ ಹಿಡಿದರು.

"ಕೇರಿಯೋರು ಕೇಳುದ್ರೆ, ನೀ ಕೇಳಿದ್ದ ಯೋಳು ಮಗಾ. ನೋಡಿದ್ದ ಯೋಳ್ಬ್ಯಾಡ."

ಹನ್ನೆರಡು ತುಂಬಿದ ಮೇಲೆ ಕೇರಿಯಲ್ಲೊಂದು ಮದುವೆ ಬಂತು. ಅರಿಶಿನ ಕುಟ್ಟಲು ಕುಳಿತ ಮುತ್ತೈದೆಯರ ನಡುವಿನಿಂದ ಅತ್ತೆಯನ್ನು ಒಬ್ಬಾಕೆ ಎಬ್ಬಿಸಿದಳು. ಯಜಮಾನರು ಸೇರಿದರು. ಅತ್ತೆ ನನ್ನನ್ನು ಮುಂದೆ ನಿಲ್ಲಿಸಿದರು. ಬಡಿತ ಹೇಗಿತ್ತೆಂದು ಹಿರಿಯ ಯಜಮಾನ ಕೇಳಿದ. ಮೊದಲು ಒಂದು, ತಡೆದು ಎರಡು ಎಂದೆ. ಮಾವನ ಜೊತೆ ತೆಪ್ಪ ಹಾಕಿದ್ದ ಮುದುಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಬಡಿತ ಹೊನ್ನೂರಿನ ಹುಡುಗಿಗೆ ಗೊತ್ತಿರಲು ಸಾಧ್ಯವಿಲ್ಲ ಎಂದುಕೊಂಡಿರಬೇಕು. ಮಾದಪ್ಪನ ಮೇಲೆ ಆಣೆಯಿಡು ಎಂದರು. ಕೇಳಿದ್ದು ನಿಜವೆಂದು ಆಣೆಯಿಟ್ಟೆ. ಹೊಳೆಯೇ ತೀರ್ಮಾನ ಮಾಡುವ ತನಕ ನಾವು ಕುಂಕುಮಕ್ಕೆ ಕೈ ಹಾಕುವುದಿಲ್ಲ ಎಂದು ಯಜಮಾನ ಎದ್ದ. ನನಗೆ ಅವತ್ತೂ ಪಶ್ಚಾತ್ತಾಪವಿರಲಿಲ್ಲ, ಇವತ್ತೂ ಇಲ್ಲ.

ಅಲ್ಲಿಂದ ಮುಂದೆ ಪ್ರತಿ ವರ್ಷ ನೀರಿಳಿಯುವ ಕಾಲಕ್ಕೆ ನಾವಿಬ್ಬರೂ ಕರೀಮಡುವಿಗೆ ಹೋಗುತ್ತಿದ್ದೆವು. ಬಂಡೆಗಳ ಹತ್ತಿರ ಮಾತ್ರ ಅತ್ತೆ ತೆಪ್ಪ ಬಿಡಗೊಡುತ್ತಿರಲಿಲ್ಲ. ಮಡುವಿನ ನಡುವೆ ಮಂಜಿನಲ್ಲಿ ಕುಳಿತು ಕೇಳುವುದು, ಅಷ್ಟೆ. ಸದ್ದು ಬರುತ್ತಿತ್ತು. ಕೇಳುಸ್ತಾ ಎನ್ನುತ್ತಿದ್ದರು, ಹ್ಞೂಂ ಎನ್ನುತ್ತಿದ್ದೆ. ನನಗೆ ಮಕ್ಕಳಾದವು. ಅತ್ತೆಯ ಕೈ ಸೋತು ಹುಟ್ಟು ಪೂರ್ತಿ ನನ್ನದಾಯಿತು. ಬಂಡೆ ಸಂದಿಯಲ್ಲಿದ್ದ ಹುಟ್ಟಿನ ಕಥೆಯನ್ನು ನಾನು ಗಂಡನಿಗೂ ಹೇಳಿರಲಿಲ್ಲ. ಕೊನೆಯ ವರ್ಷ ಅವರನ್ನು ಕಂಬಳಿ ಸುತ್ತಿ ಎತ್ತಿ ಕೂರಿಸಿಕೊಂಡು ಹೋಗಿದ್ದೆ. ಅವತ್ತು ಸದ್ದು ಎಂದಿಗಿಂತ ಹತ್ತಿರದಿಂದ ಬಂತು. ಅತ್ತೆ ಕೇಳುಸ್ತಾ ಎನ್ನಲಿಲ್ಲ, ಸುಮ್ಮನೆ ನನ್ನ ಮೊಣಕಾಲು ತಟ್ಟಿದರು. ಆ ವಾರದಲ್ಲೇ ತೀರಿಕೊಂಡರು.

ಅಂಗಳದಲ್ಲಿ ನೀರು ಕಾಯುತ್ತಿತ್ತು. ಮುತ್ತೈದೆಯ ಹೆಣಕ್ಕೆ ಅರಿಶಿನ ಹಚ್ಚಿ, ಕುಂಕುಮವಿಟ್ಟು, ಹಸಿರು ಬಳೆ ತೊಡಿಸಿ, ಹೂ ಮುಡಿಸಬೇಕು. ಗಂಡನಿಲ್ಲದವಳಿಗೆ ಅದೊಂದೂ ಇಲ್ಲ. ಕೇರಿಯ ಹೆಂಗಸರು ಅದನ್ನೇ ಗುಸುಗುಸು ಆಡುತ್ತಿದ್ದರು. ಅಷ್ಟರಲ್ಲಿ ಚಟ್ಟಕ್ಕೆ ಬಿದಿರು ತೆಗೆಯಲು ಅಟ್ಟ ಹತ್ತಿದ್ದ ನನ್ನ ಗಂಡ ಮೆಲ್ಲಗೆ ನನ್ನನ್ನು ಒಳಗೆ ಕರೆದರು. ಅವರ ಕೈಯಲ್ಲಿ ಸೀರೆ ಸುತ್ತಿದ ಉದ್ದನೆಯದೊಂದು ಇತ್ತು. ಸೀರೆ ನನಗೆ ಗೊತ್ತು. ನನ್ನ ಹಿರಿಯ ಮಗನ ತೊಟ್ಟಿಲ ಶಾಸ್ತ್ರಕ್ಕೆ ಅತ್ತೆ ಉಟ್ಟಿದ್ದದ್ದು, ಮರುವಾರವೇ ಒಗೆಯುವಾಗ ಹೊಳೆ ಪಾಲಾಯಿತು ಎಂದಿದ್ದದ್ದು. ಅತ್ತೆ ತೀರಿಕೊಳ್ಳುವ ಹೊತ್ತಿಗೆ ಆ ಮಗ ದನ ಕಟ್ಟುವಷ್ಟು ದೊಡ್ಡವನಾಗಿದ್ದ. ಸೀರೆಯ ಮೇಲೆ ಅಟ್ಟದ ಮಸಿ ಬೆರಳ ದಪ್ಪ ಕೂತಿತ್ತು. ಬಿಚ್ಚಿದರೆ ತಾಮ್ರದ ತಂತಿ ಸುತ್ತಿದ ಹುಟ್ಟು.

ನಾನು ಬಾಣಂತಿತನದಲ್ಲಿದ್ದಾಗ ಅತ್ತೆ ಒಬ್ಬರೇ ಹೋಗಿ ಅದನ್ನು ಕಿತ್ತು ತಂದಿದ್ದರು. ಇನ್ಯಾರ ಕಣ್ಣಿಗೂ ಬೀಳಬಾರದೆಂದು ತಂದರೋ, ಮಾವನನ್ನು ನೀರಿನಿಂದ ಮನೆಗೆ ತಂದೆನೆಂದುಕೊಂಡರೋ, ನನಗೆ ತಿಳಿಯದು. ಅಂದರೆ ಇಷ್ಟೂ ವರ್ಷ ಆ ಸಂದಿಯಲ್ಲಿ ಏನೂ ಇರಲಿಲ್ಲ.

"ಇದು ಅಪ್ಪಂದಲ್ವಾ?" ಎಂದರು ಗಂಡ. ಹೌದೆಂದೆ. ಹೊರಗಿನಿಂದ ಹಿರಿಯಾಕೆಯೊಬ್ಬಳು ಕೂಗಿದಳು:

"ನೀರು ಆರೋಯ್ತದೆ ಕಣವ್ವ. ಅರಿಶಿನ ಅಚ್ಚವಾ, ಬ್ಯಾಡವಾ?"

ಗಂಡ ಹುಟ್ಟನ್ನೂ ನೋಡಿದರು, ನನ್ನನ್ನೂ ನೋಡಿದರು. ನಾನು ಅದನ್ನು ಮತ್ತೆ ಸೀರೆಯಲ್ಲಿ ಸುತ್ತಿ ಗೋಡೆಗೆ ಒರಗಿಸಿ ಹೊಸ್ತಿಲಿಗೆ ಬಂದೆ.

"ಅಚ್ಚಿ," ಎಂದೆ. "ಈ ವಾರನೂ ಕೇಳುಸ್ತು."

ಸುಳ್ಳಲ್ಲ. ಕೇಳಿಸಿತ್ತು. ಅದು ಮೀನಿನದಲ್ಲ, ನೀರುನಾಯಿಯದಲ್ಲ, ಬಂಡೆಯ ಕೆಳಗಿನ ನೀರಿನದೂ ಅಲ್ಲ ಎಂದು ಎದೆ ಮುಟ್ಟಿ ಹೇಳುವಷ್ಟು ಕಿವಿಯನ್ನು ಅತ್ತೆಯೇ ನನಗೆ ಕೊಟ್ಟು ಹೋಗಿದ್ದರು.