ಸಾಹೇಬರ ದನಿ

ಕಿವಿಯ ಬುಡದಿಂದ ಬಾಯಿಯ ಮೂಲೆಯ ತನಕ ಇಳಿದ ಬಿಳಿಯ ಕೆನ್ನೆಗೂದಲು, ಬೆಕ್ಕಿನಂಥ ಹಸಿರುಗಣ್ಣು, ಬಿಸಿಲಿಗೆ ಕೆಂಪಾಗಿ ಸಿಪ್ಪೆ ಏಳುವ ಮೂಗು. ಸೊಂಟದ ಕೆಳಗೆ ಮಾತ್ರ ನೀಲಿ ಚೌಕಳಿಯ ಲುಂಗಿ. ಠಾಣೆಯ ವರ್ತಕ ನಗರದ ಬಿಲ್ಡಿಂಗಿನಲ್ಲಿ ನಾನು ಸಾಮಾನು ಇಳಿಸಿದ ದಿನ ಎದುರುಮನೆಯ ಬಾಗಿಲಲ್ಲಿ ಈ ಆಕೃತಿ ನಿಂತಿತ್ತು. ನಾನು ಗಾಬರಿಯಲ್ಲಿ ಗುಡ್ ಮಾರ್ನಿಂಗ್ ಅಂದೆ.

"ಎಂಥ ಗುಡ್ ಮಾರ್ನಿಂಗ್ ಮಾರಾಯ? ನಿನ್ನ ಡಬ್ಬದ ಮೇಲೆ ಕನ್ನಡದಲ್ಲಿ ಬರೆದದ್ದು ನನಗೆ ಕಾಣುವುದಿಲ್ವಾ? ನೀರು ಬರುವುದು ಏಳರಿಂದ ಎಂಟು ಮಾತ್ರ. ಬಕೆಟ್ ಉಂಟಾ?" ಎಂದರು.

ಬಿಲ್ಡಿಂಗಿನವರಿಗೆ ಅವರು 'ಗೋರಾ ಸಾಹೇಬ್'. ನನಗೆ ಸಾಹೇಬರು. ಕರಾವಳಿಯ ಕಡೆಯವರು. ಹರೆಯದಲ್ಲಿ ಠಾಣೆಯ ಒಂದು ಕಾರ್ಖಾನೆಯಲ್ಲಿ ನಕ್ಷೆ ಬರೆಯುತ್ತಿದ್ದರಂತೆ. ಒಂದು ದಿನ ಸ್ಟೇಷನ್ನಿನಲ್ಲಿ ಲೋಕಲ್‌ಗೆ ಕಾಯುತ್ತಿದ್ದಾಗ, ಸಿನಿಮಾಗಳಿಗೆ ಜನ ಒದಗಿಸುವ ಏಜೆಂಟನೊಬ್ಬ ಅವರ ಮುಖವನ್ನೇ ದಿಟ್ಟಿಸಿ, "ಅಂಗ್ರೇಜ್ ಬನೇಗಾ ಕ್ಯಾ?" ಎಂದು ಕೇಳಿದ. ಅಲ್ಲಿಂದ ಮೂವತ್ತು ವರ್ಷ ಹಿಂದಿ ಸಿನಿಮಾದಲ್ಲಿ ಅವರು ಬ್ರಿಟಿಷರು. ಕಲೆಕ್ಟರ್, ಜೈಲರ್, ಅಫೀಮು ವ್ಯಾಪಾರಿ, ಹುಲಿ ಹೊಡೆಯಲು ಬಂದವನು. ಒಮ್ಮೆ ವೈಸರಾಯ್ ಕೂಡ ಆಗಿದ್ದರು, ಬೆನ್ನು ಮಾತ್ರ ಕಾಣುವಂತೆ. ಭರ್ಜಿ ತಿಂದು, ಕುದುರೆಯಿಂದ ಬಿದ್ದು, ಬಾವಿಗೆ ತಳ್ಳಿಸಿಕೊಂಡು ಸತ್ತಿದ್ದರು. "ನನ್ನನ್ನು ಕೊಂದವರೆಲ್ಲ ಬಂಗಲೆ ಕಟ್ಟಿಸಿದರು. ಸತ್ತವನಿಗೆ ಇದೇ ಒಂದು ರೂಮು, ಒಂದು ಅಡುಗೆಮನೆ" ಅನ್ನುತ್ತಿದ್ದರು.

ಆ ಮೂವತ್ತು ವರ್ಷದಲ್ಲಿ ಅವರ ಮುಖ ಎಲ್ಲರಿಗೂ ಬೇಕಿತ್ತು, ದನಿ ಒಬ್ಬನಿಗೂ ಬೇಕಿರಲಿಲ್ಲ. ಆಗ ಮಾತನ್ನೆಲ್ಲ ಆಮೇಲೆ ಕೂಡಿಸುವ ಪದ್ಧತಿ. ಸಣ್ಣ ಪಾತ್ರದವನಿಗೆ ಸಂಭಾಷಣೆಯ ಹಾಳೆಯನ್ನೂ ಕೊಡುತ್ತಿರಲಿಲ್ಲ. ಕೋಪದಲ್ಲಿ ಒಂದರಿಂದ ಇಪ್ಪತ್ತು ಎಣಿಸು, ಬಾಯಿ ಆಡಿದರೆ ಸಾಕು ಅನ್ನುತ್ತಿದ್ದರು. ಸಾಹೇಬರಿಗೆ ಎಣಿಸುವುದೆಂದರೆ ಮೈಯೆಲ್ಲ ಉರಿಯುತ್ತಿತ್ತು. ಅದಕ್ಕೇ ಅವರು ಕನ್ನಡ ಮಾತಾಡಿಬಿಡುತ್ತಿದ್ದರು. "ಕ್ಯಾಮೆರಾಕ್ಕೆ ಕಿವಿ ಇಲ್ಲ ಮಾರಾಯ" ಎಂಬುದು ಅವರ ಮಾತು.

ಒಂದು ಭಾನುವಾರ ಟಿವಿಯಲ್ಲಿ ಅವರ ಹಳೆಯ ಸಿನಿಮಾ ಬರುತ್ತಿತ್ತು. ಜೈಲರ್ ಸಾಹೇಬರು ಕೈದಿಯ ಬೆನ್ನ ಮೇಲೆ ಚಾಟಿ ಎತ್ತಿದ್ದರು. ನನ್ನ ಪಕ್ಕದಲ್ಲಿ ಕೂತಿದ್ದ ಸಾಹೇಬರು ಟಿವಿಯ ಸದ್ದು ಆರಿಸಿ, ತೆರೆಯ ಮೇಲಿನ ತಮ್ಮ ತುಟಿಗೆ ಸರಿಯಾಗಿ ಹೇಳಿದರು: "ಈ ಬೆನ್ನಿಗೆ ಇನ್ನು ಎಣ್ಣೆ ಹಚ್ಚುವವರು ಯಾರು ಮಗಾ? ಬೆಳಿಗ್ಗೆ ಚಾ ಆದರೂ ಕುಡಿದಿದ್ದೀಯಾ?" ಒಂದಕ್ಷರ ಹಿಂದೆಮುಂದಿಲ್ಲ. ನಾನು ಬಿದ್ದು ಬಿದ್ದು ನಕ್ಕೆ. ಅವರು ಸದ್ದು ಹಾಕಿದರು. ಯಾರದ್ದೋ ಗಡಸು ಗಂಟಲು ಅವರ ಬಾಯಿಂದ ಸೊಟ್ಟ ಹಿಂದಿಯಲ್ಲಿ ಬೈಯುತ್ತಿತ್ತು.

"ಆ ಗಂಟಲಿನವನನ್ನು ಒಮ್ಮೆ ಬಂದ್ ಮಾಡಿ" ಎಂದು ಒಳಗಿನಿಂದ ಅಮ್ಮ ಕೂಗಿದರು. ಅಮ್ಮ ಅಂದರೆ ಸಾಹೇಬರ ಹೆಂಡತಿ. ಸಕ್ಕರೆ ಕಾಯಿಲೆ ಅವರ ಕಣ್ಣನ್ನು ಪೂರ್ತಿ ತಿಂದಿತ್ತು. ಗೋಡೆ ಹಿಡಿದುಕೊಂಡೇ ಅನ್ನ ಸಾರು ಮಾಡುತ್ತಿದ್ದರು, ಮೆಟ್ಟಿಲ ಸಪ್ಪಳದಿಂದಲೇ ಬಂದವರು ಯಾರೆಂದು ಹೇಳುತ್ತಿದ್ದರು. "ಕಣ್ಣಿದ್ದಾಗ ಇವರನ್ನು ಪಿಕ್ಚರಿನಲ್ಲಿ ನೋಡುತ್ತಿದ್ದೆ. ಈಗ ಪಿಕ್ಚರಿನಲ್ಲಿ ಇವರು ಇಲ್ಲವೇ ಇಲ್ಲ ಮಗಾ. ಇವರ ಜಾಗದಲ್ಲಿ ಯಾರೋ ಬೊಬ್ಬೆ ಹೊಡೆಯುತ್ತಾನೆ" ಎಂದು ನನ್ನೊಡನೆ ಒಮ್ಮೆ ಹೇಳಿದ್ದರು. ಅದು ಸಾಹೇಬರ ಕಿವಿಗೂ ಬಿದ್ದಿತ್ತು. ಒಂದೇ ಒಂದು ಸಿನಿಮಾದಲ್ಲಿ ತಮ್ಮದೇ ದನಿ ಇರಬೇಕು, ಅದನ್ನು ಹೆಂಡತಿ ಕೇಳಬೇಕು. ಅಲ್ಲಿಂದ ಮುಂದೆ ಆ ಮನುಷ್ಯನಿಗೆ ಇದ್ದ ಆಸೆ ಇಷ್ಟೇ.

ಆಸೆ ಹುಟ್ಟುವ ಹೊತ್ತಿಗೆ ಕೆಲಸ ನಿಂತಿತ್ತು. ಕೊಲಾಬಾದಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡು ಅಲೆಯುವ ನಿಜವಾದ ಬಿಳಿಯರನ್ನೇ ಏಜೆಂಟರು ವ್ಯಾನಿನಲ್ಲಿ ತುಂಬಿಸಿಕೊಂಡು ಹೋಗುತ್ತಿದ್ದರು. ಸಾಹೇಬರಿಗೆ ಫೋನು ಬರುವುದೇ ನಿಂತಿತ್ತು. ಆದರೂ ಪ್ರತಿ ಶನಿವಾರ ನೌಪಾಡಾದ ಅದೇ ಕ್ಷೌರದಂಗಡಿಗೆ ಹೋಗಿ ಕೆನ್ನೆಗೂದಲು ತಿದ್ದಿಸಿಕೊಂಡು ಬರುವುದನ್ನು ಬಿಡಲಿಲ್ಲ.

ನನ್ನ ವಿಷಯವನ್ನೂ ಹೇಳಬೇಕು. ನಾನು ಮೈಸೂರಿನವನು. ನವಿ ಮುಂಬೈಯ ಕಾಲ್ ಸೆಂಟರಿನಲ್ಲಿ ಹುಡುಗ ಹುಡುಗಿಯರ ನಾಲಿಗೆಯಿಂದ ಅವರವರ ಊರನ್ನು ಕೆರೆದು ತೆಗೆದು, ಆ ಜಾಗಕ್ಕೆ ಲಂಡನ್ನಿನ ಉಚ್ಚಾರಣೆ ಅಂಟಿಸುವುದು ನನ್ನ ಉದ್ಯೋಗ. ಮೊದಲ ವರ್ಷ ಸಂಜೆಯಾಗುತ್ತಲೇ ಗಂಟಲು ಕಟ್ಟಿಹೋಗುತ್ತಿತ್ತು. ಸಾಹೇಬರು ನನ್ನನ್ನು ನೆಲದ ಮೇಲೆ ಮಲಗಿಸಿ, ಹೊಟ್ಟೆಯ ಮೇಲೆ ದಪ್ಪ ಡೈರೆಕ್ಟರಿ ಇಟ್ಟು, "ಪುಸ್ತಕ ಏಳಬೇಕು, ಎದೆ ಅಲ್ಲ. ಉಸಿರು ಹೊಟ್ಟೆಯಿಂದ ಬರಲಿ" ಎಂದು ತಿಂಗಳುಗಟ್ಟಲೆ ತಿದ್ದಿದರು. ನನ್ನ ಅನ್ನ ನಿಂತಿರುವ ಈ ದನಿ ಅವರು ಕೊಟ್ಟದ್ದು.

ಕೊನೆಗೂ ಒಂದು ಫೋನು ಬಂತು. ಯಾರೋ ಎಳೆಯ ನಿರ್ದೇಶಕ, ಸ್ವಾತಂತ್ರ್ಯ ಹೋರಾಟದ ಕಥೆ. ಮುದುಕ ಇಂಗ್ಲಿಷ್ ಜಡ್ಜ್ ಬೇಕಿತ್ತು. ಬೆನ್ನಿಗೆ ಚೀಲ ಹಾಕಿಕೊಂಡು ಬರುವ ಬಿಳಿಯರಲ್ಲಿ ಮುದುಕರು ಸಿಗುವುದಿಲ್ಲವಲ್ಲ. ಒಂದೇ ದೃಶ್ಯ, ಹುಡುಗನೊಬ್ಬನಿಗೆ ಗಲ್ಲು ಶಿಕ್ಷೆ ಓದಿ ಹೇಳುವುದು. ಈ ಸಿನಿಮಾದಲ್ಲಿ ದನಿಯನ್ನು ಅಲ್ಲೇ, ನಟಿಸುವಾಗಲೇ ಹಿಡಿಯುತ್ತಾರಂತೆ. ಸಾಹೇಬರು ಹಾಳೆ ಹಿಡಿದುಕೊಂಡು ನಮ್ಮ ಮನೆಗೆ ಓಡಿ ಬಂದರು. "ಕ್ಯಾಮೆರಾಕ್ಕೆ ಕಿವಿ ಬಂತು ಮಾರಾಯ! ನಿನ್ನ ಆ ಇಂಗ್ಲಿಷ್ ನನಗೆ ಕಲಿಸು."

ಮೂರು ತಿಂಗಳು ಕಲಿಸಿದೆ. ಅವರು ಎಂಟು ಸಾಲು ಓದುವುದು, ನಾನು ತಡೆಯುವುದು. ನಾಲಿಗೆಯನ್ನು ಹಲ್ಲಿಗೆ ತಾಗಿಸಬೇಡಿ, ಕೊನೆಯಲ್ಲಿ ಎಳೆಯಬೇಡಿ, ಈಗ ಮಂಗಳೂರು ಕೇಳಿಸಿತು, ಮತ್ತೆ. ಎಪ್ಪತ್ತು ದಾಟಿದ ಮನುಷ್ಯ ಮರುಮಾತಿಲ್ಲದೆ ಮತ್ತೆ ಓದುತ್ತಿದ್ದರು. ಅಮ್ಮ ಮೂಲೆಯಲ್ಲಿ ಕೂತು, "ಪಾಪ, ಬಿಡು ಮಗಾ, ಚಂದ ಉಂಟಲ್ಲ" ಅನ್ನುತ್ತಿದ್ದರು. ನಾನು ಬಿಡಲಿಲ್ಲ.

ಶೂಟಿಂಗ್ ಕಲ್ಯಾಣದಾಚೆಯ ಒಂದು ಹಳೆಯ ಬಂಗಲೆಯಲ್ಲಿ. ನಾನು ರಜೆ ಹಾಕಿ ಹೋಗಿ ವರಾಂಡದಲ್ಲಿ ನಿಂತಿದ್ದೆ. ಮೊದಲ ಸಲ ಎಂಟೂ ಸಾಲು ನಾನು ಕಲಿಸಿದಂತೆಯೇ ಹೇಳಿದರಂತೆ, ಆದರೆ ಮುಖ ಮರಗಟ್ಟಿತ್ತು. ಎರಡನೆಯ ಸಲವೂ ಹಾಗೇ. ಅಂಕಲ್, ಥೋಡಾ ಫೀಲ್ ಕರೋ ಎಂದು ನಿರ್ದೇಶಕ ಕೇಳಿಕೊಂಡ. ಮೂರನೆಯ ಸಲ ಕ್ಯಾಮೆರಾ ಓಡತೊಡಗಿದಾಗ, ಬ್ರಿಟಿಷರ ಕೋಟು ತೊಟ್ಟು ಅದರ ಮುಂದೆ ಮೂವತ್ತು ವರ್ಷ ಕನ್ನಡವನ್ನೇ ಆಡಿದ್ದ ನಾಲಿಗೆ ತಾನಾಗಿ ಕನ್ನಡಕ್ಕೆ ತಿರುಗಿಬಿಟ್ಟಿತು. ಒಳಗೆ ನಗು ಎದ್ದದ್ದು ವರಾಂಡಕ್ಕೆ ಕೇಳಿಸಿತು. ನಿರ್ದೇಶಕ ಮಾತ್ರ ನಗಲಿಲ್ಲ. ಅವನಿಗೆ ಬೇಕಾಗಿದ್ದ ಮುಖ ಸಿಕ್ಕಿತ್ತು. "ಯಹೀ ರಖೇಂಗೆ. ಆವಾಜ್ ಡಬ್ಬಿಂಗ್ ಮೇ ದೇಖ್ ಲೇಂಗೆ" ಎಂದ. ಮುಖ ಇದೇ ಇರಲಿ, ದನಿಯನ್ನು ಆಮೇಲೆ ಕೂಡಿಸಿದರಾಯಿತು ಅಂತ.

ಡಬ್ಬಿಂಗಿಗೂ ನಾನೇ ಕರೆದುಕೊಂಡು ಹೋದೆ. ಜೀವಮಾನವೆಲ್ಲ ಬೇರೆಯವರ ದನಿ ಹೊತ್ತ ಸಾಹೇಬರಿಗೆ ತಮ್ಮ ತುಟಿಗೆ ತಾವೇ ಮಾತು ಕೂಡಿಸುವ ವಿದ್ಯೆ ಗೊತ್ತಿರಲಿಲ್ಲ. ಅದೂ ಕನ್ನಡ ಆಡುವ ತುಟಿಗೆ ಇಂಗ್ಲಿಷ್. ಮಧ್ಯಾಹ್ನವೆಲ್ಲ ಒದ್ದಾಡಿ ಗಂಟಲು ಒಡೆದು, ಹೊರಗಿನ ಬೆಂಚಿನಲ್ಲಿ ಹೋಗಿ ಕುಳಿತರು. ನಿರ್ದೇಶಕ ನನ್ನನ್ನು ನೋಡಿದ. ನೀನು ಒಂದು ಸಲ ಹೇಳಿ ತೋರಿಸು, ಅಂಕಲ್‌ಗೆ ಸಹಾಯವಾಗುತ್ತದೆ ಎಂದ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡೆ. ಅದರಲ್ಲಿ ಶೂಟಿಂಗಿನ ದಿನದ ಅವರ ಕನ್ನಡ ಬರುತ್ತಿತ್ತು. ಅವರು ಏನು ಹೇಳಿದ್ದರೆಂದು ಆ ಕೋಣೆಯಲ್ಲಿ ಅರ್ಥವಾದದ್ದು ನನಗೊಬ್ಬನಿಗೇ. ಅದರ ಮೇಲೆ ನನ್ನ ಇಂಗ್ಲಿಷ್ ಹೇರಿದೆ, ಮೊದಲನೆಯ ಸಲಕ್ಕೇ ಸರಿಯಾಗಿ ಕೂತಿತು. ಗಾಜಿನಾಚೆ ಎಲ್ಲರೂ ಹೆಬ್ಬೆರಳು ಎತ್ತಿದರು, ಇದೇ ಇರಲಿ ಎಂದ ನಿರ್ದೇಶಕ. ಸುಳ್ಳು ಯಾಕೆ ಹೇಳಲಿ, ನನಗೆ ಖುಷಿಯಾಯಿತು.

ಹೊರಗೆ ಬಂದಾಗ ಸಾಹೇಬರು ಎದ್ದು ನಿಂತು ಕೇಳಿದರು: "ಎಂತ ಹೇಳಿದರು? ನಾನು ಹೇಳಿದ್ದು ಆದೀತಂತಾ?"

"ಆಯ್ತು ಸಾಹೇಬ್ರೇ, ಓಕೆ ಆಯ್ತು" ಎಂದೆ.

ಠಾಣೆಯವರೆಗೂ ಅವರು ಲೋಕಲ್ಲಿನ ಬಾಗಿಲಲ್ಲಿ ಗಾಳಿಗೆ ಮುಖವೊಡ್ಡಿ ನಿಂತೇ ಬಂದರು. ಸಿನಿಮಾ ಬಿಡುಗಡೆಯಾಗಲು ಏಳು ತಿಂಗಳು ಹಿಡಿಯಿತು. ಅಷ್ಟು ದಿನವೂ ನನ್ನ ಬಾಗಿಲು ಅವರ ಬಾಗಿಲಿಗೆ ಎದುರೇ ಇತ್ತು. ನಿಜ ಹೇಳಲು ನನಗೆ ಬಾಯಿ ಬರಲಿಲ್ಲ.

ಮಲ್ಟಿಪ್ಲೆಕ್ಸಿನ ಮಧ್ಯಾಹ್ನದ ಆಟಕ್ಕೆ ಬಿಲ್ಡಿಂಗಿನ ಅರ್ಧ ಜನ ಬಂದಿದ್ದರು. ಅಮ್ಮ ರೇಷ್ಮೆ ಸೀರೆ ಉಟ್ಟಿದ್ದರು. ಅವರ ಒಂದು ಪಕ್ಕದಲ್ಲಿ ಸಾಹೇಬರು, ಇನ್ನೊಂದು ಪಕ್ಕದಲ್ಲಿ ನಾನು. ಕೋರ್ಟಿನ ದೃಶ್ಯ ಬಂತು, ಜಡ್ಜ್ ಕಾಗದ ಎತ್ತಿ ಓದತೊಡಗಿದ. ಅಮ್ಮ ತಲೆಯನ್ನು ಒಂದು ಕಡೆಗೆ ವಾಲಿಸಿ ಕೇಳಿಸಿಕೊಂಡರು. ಆಮೇಲೆ ಗಂಡನ ಕಡೆ ತಿರುಗಿ ಪಿಸುಗುಟ್ಟಿದರು: "ಇದು ನಮ್ಮ ಎದುರುಮನೆಯವನ ಸ್ವರ ಅಲ್ವಾ? ಇವನಿಗೂ ಪಾರ್ಟು ಉಂಟಾ?"

ಸಾಹೇಬರು ತೆರೆಯ ಮೇಲಿನ ತಮ್ಮ ಮುಖವನ್ನೇ ನೋಡುತ್ತಿದ್ದರು. ಅಲ್ಲಿಂದ ಕಣ್ಣು ತೆಗೆಯದೆ ಹೇಳಿದರು: "ಹೌದು. ಅವನದ್ದು ಸಣ್ಣ ಪಾರ್ಟು. ನನ್ನದು ಮುಂದೆ ಉಂಟು."

ಅಮ್ಮ ಕೊನೆಯ ತನಕ ಕಾದರು. ದೀಪ ಹತ್ತಿದಾಗ ಸಾಹೇಬರು, "ನನ್ನದನ್ನು ಕತ್ತರಿಸಿದರು ಕಾಣುತ್ತದೆ" ಎಂದು ಅವರ ಕೈ ಹಿಡಿದು ಎಬ್ಬಿಸಿದರು. ಮೆಟ್ಟಿಲಿಳಿಯುವಾಗ ನನ್ನ ಪಕ್ಕಕ್ಕೆ ಬಂದು, "ಚಂದ ಹೇಳಿದ್ದೀ. ಉಸಿರು ಹೊಟ್ಟೆಯಿಂದಲೇ ಬಂದಿದೆ" ಎಂದರು. ಅವರು ನನ್ನೊಡನೆ ಆಡಿದ ಕೊನೆಯ ಕನ್ನಡ ಅದು.

ಮುಂದಿನ ಶನಿವಾರ ನೌಪಾಡಾದಿಂದ ಬಂದಾಗ ಕೆನ್ನೆಗೂದಲು ಇರಲಿಲ್ಲ. ಇನ್ನೂ ಎರಡು ವರ್ಷ ಬದುಕಿದ್ದರು. ಬಾಗಿಲಲ್ಲಿ ಎದುರಾದರೆ ಬಹಳ ಮರ್ಯಾದೆಯಿಂದ, ನಾನು ಕಲಿಸಿದ ಉಚ್ಚಾರಣೆಯಲ್ಲೇ ಗುಡ್ ಮಾರ್ನಿಂಗ್ ಅನ್ನುತ್ತಿದ್ದರು. ಬೈದಿದ್ದರೆ ಕಾಲು ಹಿಡಿಯುತ್ತಿದ್ದೆ. ಅದಕ್ಕೂ ಅವರು ಜಾಗ ಬಿಡಲಿಲ್ಲ.

ಎದೆನೋವೆಂದು ಆಸ್ಪತ್ರೆಗೆ ಹೋದವರು ಮರಳಲಿಲ್ಲ. ಅಷ್ಟು ಸಲ ಸತ್ತ ಮನುಷ್ಯ ನಿಜಕ್ಕೂ ಸತ್ತಾಗ ಸಿನಿಮಾದವರು ಒಬ್ಬರೂ ಬರಲಿಲ್ಲ. ಬೊಜ್ಜದ ತಿಥಿಯೂಟ ಮುಗಿದ ಮೇಲೆ ಅಮ್ಮ ನನ್ನನ್ನು ಕರೆಸಿದರು.

"ಕತ್ತರಿಸಿದ್ದಲ್ಲ ಅಂತ ನನಗೆ ಅವತ್ತೇ ಗೊತ್ತಾಗಿತ್ತು. ಕಣ್ಣು ಹೋದದ್ದು, ಕಿವಿ ಅಲ್ಲ. ಮೂರು ತಿಂಗಳು ಇವರು ಓದಿದ ಸಾಲು ಅದೇ. ನಿನ್ನ ಮಾತಿನ ಅಡಿಯಲ್ಲಿ ಇವರು ಏನೋ ಹೇಳಿದ್ದಾರೆ. ಕ್ಯಾಮೆರಾದ ಮುಂದೆ ಇವರು ಸುಮ್ಮನೆ ಬಾಯಿ ಆಡಿಸುವವರಲ್ಲ. ನೀನು ಕೇಳಿದ್ದೀಯಲ್ಲ, ಹೇಳು."

ಹೇಳಿದೆ. ಆ ಹುಡುಗನ ಮುಖ ನೋಡಿಕೊಂಡು ಜಡ್ಜ್ ಹೇಳಿದ್ದು ಇಷ್ಟು: "ಇದು ನಾನು ಬರೆದದ್ದಲ್ಲ ಮಗಾ. ಯಾರೋ ಬರೆದು ಕೈಗೆ ಕೊಟ್ಟದ್ದು. ನನ್ನ ಪಾಲಿಗೆ ಬಂದದ್ದು ಓದುವುದು ಮಾತ್ರ. ಮನೆಯಲ್ಲಿ ಒಬ್ಬಳು ಕಿವಿ ಕೊಟ್ಟು ಕೂತಿದ್ದಾಳೆ. ಅವಳಿಗೆ ಕೇಳುವ ಹಾಗೆ ಓದುತ್ತೇನೆ, ಬೇಸರ ಮಾಡಬೇಡ."

ಅಮ್ಮ ತಲೆ ವಾಲಿಸಿ ಕೇಳಿಸಿಕೊಂಡರು, ಥಿಯೇಟರಿನಲ್ಲಿ ಕೂತ ಹಾಗೆಯೇ. ಮತ್ತೊಮ್ಮೆ ಹೇಳಿಸಿದರು. ಆಮೇಲೆ, "ಮಾತು ಅವರದ್ದೇ. ಸ್ವರ ಮಾತ್ರ ನಿನ್ನದು. ಸಾಕು ಮಗಾ, ಇನ್ನು ಅದನ್ನು ಯಾರೆದುರಿಗೂ ಹೇಳಬೇಡ" ಎಂದರು.

ಹೇಳಿಲ್ಲ. ಬರೆದಿದ್ದೇನೆ. ಬರೆದದ್ದರಲ್ಲಿ ನನ್ನ ಸ್ವರ ಇರುವುದಿಲ್ಲ.