ಹುಳುಮನೆಯ ಕಟ್ಟುನಿಟ್ಟು

ನಮ್ಮ ಹುಳುಮನೆಗೆ ಬೀಡಿ ಸೇದಿದವರು ಕಾಲಿಡುವ ಹಾಗಿರಲಿಲ್ಲ. ಮಲ್ಲಿಗೆ ಮುಡಿದವರೂ ಅಷ್ಟೇ, ಪೌಡರ್ ಬಳಿದವರೂ ಅಷ್ಟೇ. ಮದುವೆಯಾಗಿ ಬಂದ ಹೊಸತರಲ್ಲಿ ನಾನು ಸೆಂಟು ಹಾಕಿಕೊಂಡು ಹುಳಕ್ಕೆ ಸೊಪ್ಪು ಹಾಕಲು ಹೋದೆ. ಅತ್ತೆ ಬಾಗಿಲಲ್ಲೇ ತಡೆದು, "ಏನವ್ವ, ನನ್ನ ಹುಳ ಸಾಯ್ಸಕ್ಕೆ ಬಂದಿದ್ದೀಯಾ? ಹೋಗು, ತಿಕ್ಕಿ ತೊಳ್ಕಂಡು ಬಾ" ಅಂದುಬಿಟ್ಟರು. ರೇಷ್ಮೆಹುಳಕ್ಕಿರುವ ಮರ್ಯಾದೆ ಈ ಮನೆ ಸೊಸೆಗಿಲ್ಲವಲ್ಲ ಅಂತ ಹಿತ್ತಲಲ್ಲಿ ನಿಂತು ಅತ್ತಿದ್ದೆ.

ಆಮೇಲೆ ಊರ ಗುಡ್ಡದ ಮಗ್ಗುಲಿಗೆ ಜಲ್ಲಿ ಕ್ರಷರ್ ಬಂತು. ಬೆಳಗಾದರೆ ಹಿಪ್ಪುನೇರಳೆ ತೋಟದ ಮೇಲೆಲ್ಲ ಹಿಟ್ಟು ಜರಡಿ ಹಿಡಿದ ಹಾಗೆ ಬಿಳಿ ಧೂಳು. ಸೊಪ್ಪು ತೊಳೆದು, ಆರಿಸಿ ಹಾಕಿ ನೋಡಿದೆವು. ಊಹೂಂ. ಹುಳ ಮೇವು ಬಿಟ್ಟವು, ಕಪ್ಪಾಗಿ ಸತ್ತವು. ಅತ್ತೆ ತಲೆ ಮೇಲೆ ಕೈ ಹೊತ್ತು ಕೂತರು. ಮುಂದಿನ ಬೆಳೆಗೆ ತಡಮಾಡಲಿಲ್ಲ. ಮರಿಹುಳದ ತಟ್ಟೆಗಳನ್ನೆಲ್ಲ ಟೆಂಪೊಗೆ ಹೇರಿ ತಿಪ್ಪಸಂದ್ರದ ತಮ್ಮನ ಮನೆಗೆ ಸಾಗಿಸಿಬಿಟ್ಟರು. "ಇಲ್ಲಿ ಗಾಳಿ ಕೆಟ್ಟೋಗೈತೆ, ಹುಳ ಬದುಕಲ್ಲ" ಅಂದರು.

ಅವರ ತಮ್ಮ, "ನೀನೂ ಬಾರಕ್ಕ, ಇಲ್ಲೇನೈತೆ?" ಅಂತ ಕರೆದರು.

"ಹುಳ ನಾಜೂಕು ಕಣ್ಲಾ. ನಾವು ಮನುಷ್ರು, ತಡ್ಕತೀವಿ."

ನಾವೆಲ್ಲ ಹೌದೌದು ಅಂತ ತಲೆಯಾಡಿಸಿದೆವು. ಅಯ್ಯೋ, ನಮ್ಮ ಬುದ್ಧಿಗಿಷ್ಟು ಬೆಂಕಿ ಹಾಕ! ಹುಳ ಬದುಕದ ಗಾಳಿಯಲ್ಲಿ ಮನುಷ್ಯರು ಹೇಗೆ ಬದುಕುತ್ತಾರೆ ಅಂತ ಮನೆಯಲ್ಲಿ ಒಬ್ಬರಾದರೂ ಕೇಳಬಾರದಿತ್ತಾ?

ಅತ್ತೆಗೆ ಕೆಮ್ಮು ಶುರುವಾಯಿತು. ಒಲೆ ಹೊಗೆ ಅಂದುಕೊಂಡು ಗ್ಯಾಸ್ ತಂದೆವು. ಶೀತ ಅಂದುಕೊಂಡು ಮೆಣಸಿನ ಕಷಾಯ ಕುಡಿಸಿದೆವು. ಅಂಗಳ ದಾಟುವಷ್ಟರಲ್ಲಿ ಏದುಸಿರು ಬರತೊಡಗಿದ ಮೇಲೆ ಮಾಗಡಿಗೆ ಬಸ್ಸು ಹತ್ತಿಸಿಕೊಂಡು ಹೋದೆವು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ, "ಮನೆ ಹತ್ತಿರ ಕ್ರಷರ್ ಇದೆಯಾ?" ಅಂತ ಕೇಳಿದರು. ಒಳಗೆ ಕೂತ ಧೂಳನ್ನು ತೆಗೆಯಲಾಗುವುದಿಲ್ಲ, ಇನ್ನಾದರೂ ಅಲ್ಲಿಂದ ದೂರ ಕರಕೊಂಡು ಹೋಗಿ ಅಂದರು.

ಈಗ ತಿಪ್ಪಸಂದ್ರಕ್ಕೆ ಹೊರಡಿ ಅಂದರೆ ಅತ್ತೆ ಒಲ್ಲೆ ಅನ್ನುತ್ತಾರೆ. "ಹೋಗಂಗಿದ್ರೆ ಹುಳದ ಜತೇಲೇ ಹೋಗ್ಬೇಕಿತ್ತು. ಈಗ ಕೆಮ್ಕಂಡು ಯಾರ ಮನೆ ಬಾಗ್ಲಿಗೆ ಹೋಗ್ಲಿ?" ಹಟಮಾರಿ ಹೆಂಗಸು! ಬೈದೆ, ಕಣ್ಣೀರು ಹಾಕಿದೆ, ಕಾಲು ಹಿಡಿದೆ. ಜಗ್ಗಲಿಲ್ಲ.

ಕೊನೆಗೆ ಖಾಲಿ ಬಿದ್ದಿದ್ದ ಹುಳುಮನೆಯಲ್ಲೇ ಅವರಿಗೆ ಮಂಚ ಹಾಕಿದೆವು. ಅದರ ಕಿಟಕಿಗಳಿಗೆ ಮೊದಲಿಂದಲೂ ಸಣ್ಣ ಕಣ್ಣಿನ ಬಲೆ ಇದೆ. ಅದರ ಮೇಲೆ ಗೋಣಿತಾಟು ಕಟ್ಟಿ, ಹುಳಕ್ಕೆ ಮಾಡುತ್ತಿದ್ದ ಹಾಗೇ ಆಗಾಗ ನೀರು ಚಿಮುಕಿಸುತ್ತೇನೆ. ಧೂಳು ಒಸಿ ಕಮ್ಮಿ.

ಮೊನ್ನೆ ಅವರ ತಮ್ಮ ನೋಡಲು ಬಂದವರು ಬೀಡಿ ಕಚ್ಚಿಕೊಂಡೇ ಹೊಸ್ತಿಲು ದಾಟಲು ಹೋದರು. ನಾನು ಬಾಯಿ ತೆರೆಯುವ ಮೊದಲೇ ಮಂಚದ ಮೇಲಿಂದ ಅತ್ತೆ ಉಸಿರು ಎಳೆದೆಳೆದು ಹೇಳಿದರು:

"ಬೀಡಿ ಆಚೆ ಬಿಸಾಕಿ ಬಾರ್ಲಾ. ಒಳಗೆ ಹುಳ ಐತೆ."